ನಾಲ್ಕನೇ ಗುಳಿಗೆ: ಬ್ಯಾಡಗಿಯ ಅಕ್ಕನ ಪ್ರಕರಣ

2022ರ ಮಾರ್ಚ್ 27, ಭಾನುವಾರ. ಧಾರವಾಡದ ಮನೆಯಲ್ಲಿ ಬೆಳಗಿನ ಚಹಾ ಕುಡಿಯುತ್ತ ಕೂತಿದ್ದೆ. ಬ್ಯಾಡಗಿಯಿಂದ ಫೋನ್ ಬಂತು. ನಮ್ಮ ದೊಡ್ಡವ್ವನ ಮಗಳು ಅಲ್ಲಿದ್ದಾಳೆ. ಮಾತಾಡಿದವನು ಅವಳ ಮಗ.

"ಮಾಮಾ, ಅವ್ವ ನಡದ್ರ ಓಲಾಡಾಕತ್ತಾಳ್ರಿ. ಮಾತೂ ತೊದಲಾಕತ್ತಾವ. ಲಕ್ವಾ ಹೊಡದೈತೇನೋ ಅನ್ನಸಾಕತ್ತೈತ್ರಿ."

"ಬಾಯಿ ಸೊಟ್ಟ ಆಗೇತೇನು? ಎರಡೂ ಕೈ ಎತ್ತತಾಳೇನು?"

"ಬಾಯಿ ಛಲೋ ಐತ್ರಿ. ಕೈನೂ ಎತ್ತತಾಳ. ಆದ್ರ ಎಲ್ಲಾ ಎರಡೆರಡು ಕಾಣ್ತಾವಂತ."

ತಡ ಮಾಡದೆ ಹುಬ್ಬಳ್ಳಿಗೆ ಕರೆದುಕೊಂಡು ಬಾ ಅಂದೆ. ನಾಲ್ಕು ದಿನ ಮೊದಲು ಊರಲ್ಲೇ ಒಂದು ಕಡೆ ತೋರಿಸಿದ್ದರಂತೆ. ವೀಕ್‌ನೆಸ್ ಅಂತ ಸಲೈನ್ ಹಾಕಿ ಕಳಿಸಿದ್ದರು. ಕಡಿಮೆ ಆಗಿರಲಿಲ್ಲ, ಜಾಸ್ತಿಯೇ ಆಗಿತ್ತು.

ನಾನು ಡಾಕ್ಟರಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಹೋದವನು. ಪಿಎಚ್.ಡಿ. ಮಾಡಿದ್ದು ಯಕೃತ್ತಿನ ಕಿಣ್ವಗಳ ಮೇಲೆ. ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಮಾಡಿದ್ದು ಒಂದೇ ಕೆಲಸ: ಯಾವ ಔಷಧವನ್ನು ಯಾವ ಕಿಣ್ವ ಎಷ್ಟು ಬೇಗ ಕರಗಿಸುತ್ತದೆ, ಇನ್ನೊಂದು ಔಷಧ ಬಂದರೆ ಆ ಕೆಲಸಕ್ಕೆ ಎಷ್ಟು ಅಡ್ಡಿಯಾಗುತ್ತದೆ ಅಂತ ಅಳೆಯುವುದು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಅಕ್ಕನ ಪ್ರಕರಣ ಎದುರಾಯಿತು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಳು, ಊರು ಇರಲಿ ಅಂದಳು.

ಮನೆಯ ಹಿನ್ನೆಲೆ

ಭಾವ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲ. ಅಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಜನವರಿಯಿಂದ ಭಾವನಿಗೆ ಕೆಮ್ಮು. ಸುಗ್ಗಿಯ ದಿನಗಳಲ್ಲಿ ಆ ಊರಲ್ಲಿ ಕೆಮ್ಮದವರು ಯಾರು? ಘಾಟಿನ ಕೆಮ್ಮು ಅಂತ ಎಲ್ಲರೂ ಸುಮ್ನೆ ಇದ್ದರು. ತೂಕ ಇಳಿಯತೊಡಗಿತು, ಸಂಜೆ ಹೊತ್ತು ಜ್ವರ ಬರತೊಡಗಿತು. ಫೆಬ್ರವರಿಯಲ್ಲಿ ಕಫ ಪರೀಕ್ಷೆ ಮಾಡಿಸಿದರು. ಟಿಬಿ ಇತ್ತು. ಚಿಕಿತ್ಸೆ ಶುರುವಾಯಿತು.

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಟಿಬಿ ಬಂದರೆ ಉಳಿದವರನ್ನೂ ಪರೀಕ್ಷಿಸುತ್ತಾರೆ. ಕಾಯಿಲೆ ಇಲ್ಲದಿದ್ದರೂ ಮುಂದೆ ಬರದಿರಲಿ ಅಂತ ಮುಂಜಾಗ್ರತೆಯ ಗುಳಿಗೆ ಕೊಡುತ್ತಾರೆ. ಇದು ನಿಜಕ್ಕೂ ಒಳ್ಳೆಯ ಕಾರ್ಯಕ್ರಮ. ಮುಂದೆ ಓದುವಾಗ ಯಾರೂ ಇದನ್ನು ಮರೆಯಬಾರದು ಅನ್ನುವುದು ನನ್ನ ಆಸೆ. ಅಕ್ಕನ ಎಕ್ಸ್‌ರೇ ಸ್ವಚ್ಛವಾಗಿತ್ತು. ಮಾರ್ಚ್ 3ರಿಂದ ದಿನಕ್ಕೊಂದು ಐಸೋನಿಯಾಜಿಡ್, 300 ಮಿ.ಗ್ರಾಂ, ಆರು ತಿಂಗಳು. ಜೊತೆಗೆ ನರಗಳಿಗೆ ತೊಂದರೆ ಆಗದಿರಲಿ ಅಂತ ಬಿ6 ವಿಟಮಿನ್. ಅವಳ ತೂಕ 54 ಕೆ.ಜಿ. ಆ ತೂಕಕ್ಕೆ ಈ ಪ್ರಮಾಣ ಸರಿಯಾದದ್ದೇ.

ಗುಳಿಗೆ ಕೊಡಲು ಬಂದ ಹುಡುಗಿ ಕೇಳಬೇಕಾದದ್ದನ್ನು ಕೇಳಿದ್ದಳು: "ಬ್ಯಾರೆ ಏನರ ಗುಳಿಗಿ ತಗೋತೀರೇನ್ರಿ?" ಕೇಳಿದ್ದು ಮನೆಯ ಮುಂದಿನ ಕಟ್ಟೆಯ ಮೇಲೆ. ಪಕ್ಕದ ಮನೆಯ ಇಬ್ಬರು ಹೆಂಗಸರು ಅಲ್ಲೇ ಕೂತಿದ್ದರು. ಅಕ್ಕ "ಏನಿಲ್ರಿ" ಅಂದಳು.

ಆಸ್ಪತ್ರೆಯಲ್ಲಿ

ಡಾಕ್ಟರು ಅಕ್ಕನ ಮುಖದ ಮುಂದೆ ಬೆರಳು ಹಿಡಿದು ಎಡಕ್ಕೆ, ಬಲಕ್ಕೆ ಸರಿಸಿದರು. ಬೆರಳನ್ನು ಹಿಂಬಾಲಿಸುವಾಗ ಕಣ್ಣಿನ ಗುಡ್ಡೆಗಳು ತಟತಟ ಅಂತ ಕುಣಿಯುತ್ತಿದ್ದವು. ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ತಾಗಿಸಿ ನಡೆಯಲು ಹೇಳಿದರು. ಎರಡನೇ ಹೆಜ್ಜೆಗೇ ವಾಲಿದಳು, ಮಗ ಹಿಡಿದುಕೊಂಡ. ತಲೆಯ ಸಿಟಿ ಸ್ಕ್ಯಾನ್ ಆಯಿತು. ಅದರಲ್ಲಿ ಏನೂ ಕಾಣಲಿಲ್ಲ.

"ಯಾವ ಯಾವ ಗುಳಿಗೆ ನಡೀತಾ ಇದೆ?" ಅಂತ ಡಾಕ್ಟರು ಕೇಳಿದರು. ಮಗ ಟಿಬಿ ಗುಳಿಗೆಯ ಹೆಸರು ಹೇಳಿದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಅಕ್ಕ ನನ್ನ ಮುಖ ನೋಡಿದಳು.

ನನಗೆ ಗೊತ್ತಿತ್ತು. ಅವಳಿಗೆ ಹತ್ತೊಂಬತ್ತು ವರ್ಷ ಇದ್ದಾಗ ಬಾವಿಯ ಹತ್ತಿರ ಬಿದ್ದು ಒದ್ದಾಡಿದ್ದನ್ನು ನೋಡಿದವನು ನಾನು. ನಾನು ಆಗ ಚಿಕ್ಕವನು. ದೊಡ್ಡವ್ವ ನನ್ನ ಬಾಯಿ ಮುಚ್ಚಿ, "ಯಾರ ಮುಂದನೂ ಹೇಳಬ್ಯಾಡ, ಆಣಿ ಮಾಡು" ಅಂದಿದ್ದಳು. ಫಿಟ್ಸ್ ಇದೆ ಅಂತ ಗೊತ್ತಾದರೆ ಮದುವೆ ಆಗುವುದಿಲ್ಲ ಅನ್ನುವ ಭಯ. ಮದುವೆ ಆಯಿತು. ಭಾವನಿಗೆ ತಿಳಿಯಿತು. ಪುಣ್ಯವಂತ, ತಿಂಗಳು ತಿಂಗಳು ಹಾವೇರಿಗೆ ಹೋಗಿ ಗುಳಿಗೆ ತಂದುಕೊಟ್ಟವನು ಅವನೇ. ಈಗ ಮಗಳಿಗೆ ಗಂಡು ನೋಡುತ್ತಿದ್ದರು. ತಾಯಿಗೆ ಫಿಟ್ಸ್ ಅಂತ ಸುದ್ದಿಯಾದರೆ ಮಗಳ ಗತಿ ಏನು ಅನ್ನುವ ಭಯ ಮತ್ತೆ ಬಂದಿತ್ತು.

"ಅಕ್ಕಾ, ಹೇಳಲೇನು?" ಅಂದೆ.

ಅವಳು ಮಾತಾಡಲಿಲ್ಲ. ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದಳು. ಅದರ ಒಳಜೇಬಿನಲ್ಲಿ ಮಡಚಿಟ್ಟ ಒಂದು ಗುಳಿಗೆ ಸ್ಟ್ರಿಪ್ ಇತ್ತು. ಫಿಟ್ಸ್ ತಡೆಯುವ ಫೆನಿಟಾಯಿನ್, 100 ಮಿ.ಗ್ರಾಂ. ರಾತ್ರಿ ಮೂರು ಗುಳಿಗೆ. ಇಪ್ಪತ್ತು ವರ್ಷ ದಾಟಿತ್ತು.

ಐಸೋನಿಯಾಜಿಡ್ ಮತ್ತು ಫೆನಿಟಾಯಿನ್. ಎರಡು ಹೆಸರು ಒಟ್ಟಿಗೆ ಕಂಡ ಕೂಡಲೇ ನನ್ನ ಮೈ ಬೆವರಿತು. ಡಾಕ್ಟರು ನನಗಿಂತ ಮೊದಲೇ ಚೀಟಿ ಬರೆಯತೊಡಗಿದ್ದರು: ರಕ್ತದಲ್ಲಿ ಫೆನಿಟಾಯಿನ್ ಎಷ್ಟಿದೆ ನೋಡಬೇಕು, ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಕೂಡ ನೋಡಬೇಕು. ಸೋಮವಾರ ಸಂಜೆ ರಿಪೋರ್ಟ್ ಬಂತು. ಲೀಟರಿಗೆ 34 ಮಿ.ಗ್ರಾಂ. ಸಾಮಾನ್ಯವಾಗಿ ಇರಬೇಕಾದದ್ದು 10ರಿಂದ 20. 20 ದಾಟಿದರೆ ಕಣ್ಣು ಕುಣಿಯತೊಡಗುತ್ತದೆ. 30 ದಾಟಿದರೆ ನಡಿಗೆ ತಪ್ಪುತ್ತದೆ. 40 ದಾಟಿದರೆ ಮಂಪರು, ಗೊಂದಲ. ಅಕ್ಕ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಿದ್ದಳು. ಫೆನಿಟಾಯಿನ್‌ನ ಸುಮಾರು ಶೇಕಡಾ 90 ಭಾಗ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಕಡಿಮೆ ಇದ್ದರೆ ಈ ಸಂಖ್ಯೆಯನ್ನು ನಂಬುವಂತಿಲ್ಲ. ಅವಳ ಆಲ್ಬುಮಿನ್ ಸರಿಯಾಗಿತ್ತು. 34 ಅಂದರೆ ನಿಜವಾಗಿಯೂ 34.

ಅವಳು ಒಂದು ಗುಳಿಗೆಯನ್ನೂ ಜಾಸ್ತಿ ನುಂಗಿರಲಿಲ್ಲ. ಮೂರಕ್ಕೆ ಮೂರೇ. ಹಾಗಾದರೆ 34 ಹೇಗಾಯಿತು?

ಒಳಗೆ ನಡೆದದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಇಡೀ ವೃತ್ತಿಜೀವನ ಈ ಪ್ರಶ್ನೆಯಲ್ಲೇ ಕಳೆದಿದೆ.

ನಾವು ನುಂಗಿದ ಬಹಳಷ್ಟು ಔಷಧಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗೇ ಬಿಟ್ಟರೆ ಮೂತ್ರದಲ್ಲಿ ಹೋಗುವುದಿಲ್ಲ. ಯಕೃತ್ತಿನ ಕಿಣ್ವಗಳು ಅವಕ್ಕೆ ಒಂದು ಆಮ್ಲಜನಕದ ಪರಮಾಣು ಸೇರಿಸಿ ಕರಗುವಂತೆ ಮಾಡುತ್ತವೆ. ಈ ಕೆಲಸ ಮಾಡುವ ದೊಡ್ಡ ಕುಟುಂಬದ ಹೆಸರು ಸೈಟೋಕ್ರೋಮ್ ಪಿ450. ಜಪಾನಿನ ಒಮುರಾ ಮತ್ತು ಸಾಟೊ 1962ರಲ್ಲಿ ಇಟ್ಟ ಹೆಸರು ಅದು. ಇಂಗಾಲದ ಮೋನಾಕ್ಸೈಡ್ ಹಾಯಿಸಿದಾಗ ಇದು 450 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ, ಅದಕ್ಕೇ 450. ಪಿಎಚ್.ಡಿ. ಮೊದಲ ವರ್ಷ ಇಲಿಯ ಯಕೃತ್ತನ್ನು ಮಂಜುಗಡ್ಡೆಯ ಮೇಲೆ ಅರೆದು, ಜೋರಾಗಿ ತಿರುಗುವ ಯಂತ್ರದಲ್ಲಿ ಎರಡು ಸಲ ತಿರುಗಿಸಿ, ತಳದಲ್ಲಿ ಉಳಿದ ಕೆಂಪು ಕಂದು ಗಸಿಯನ್ನು ತೆಗೆದು, ಆ ಅನಿಲ ಹಾಯಿಸಿದ್ದೆ. ಕಾಗದದ ಮೇಲೆ ಬೆಳಕು ಅಳೆಯುವ ಯಂತ್ರದ ಪೆನ್ನು ಸರಿಯಾಗಿ 450ರ ಹತ್ತಿರ ಗುಡ್ಡ ಎಬ್ಬಿಸಿತು. ಆ ಸಂಜೆಯ ಖುಷಿ ಇವತ್ತಿಗೂ ನೆನಪಿದೆ.

ಫೆನಿಟಾಯಿನ್‌ನ ಹೆಚ್ಚಿನ ಭಾಗವನ್ನು ಕರಗಿಸುವುದು ಈ ಕುಟುಂಬದ ಸಿವೈಪಿ 2ಸಿ9 ಅನ್ನುವ ಕಿಣ್ವ. ಉಳಿದದ್ದಕ್ಕೆ ಕೈ ಹಾಕುವುದು 2ಸಿ19. ಬೇರೆ ಎಷ್ಟೋ ಔಷಧಗಳಿಗೆ ಈ ಕಿಣ್ವಗಳ ಬಳಿ ಬೇಕಾದಷ್ಟು ಬಿಡುವು ಇರುತ್ತದೆ. ಎರಡು ಪಟ್ಟು ನುಂಗಿದರೆ ರಕ್ತದಲ್ಲಿ ಎರಡು ಪಟ್ಟು, ಅಷ್ಟೇ. ಫೆನಿಟಾಯಿನ್ ಹಾಗಲ್ಲ. ದಿನದ ಸಾಮಾನ್ಯ ಪ್ರಮಾಣಕ್ಕೇ ಕಿಣ್ವಗಳು ಹೆಚ್ಚುಕಡಿಮೆ ತುಂಬಿಹೋಗಿರುತ್ತವೆ.

ಇದನ್ನು ಭಾವನಿಗೆ ವಿವರಿಸಲು ನನಗೆ ಸಿಕ್ಕಿದ್ದು ಅವನದೇ ಮಾರುಕಟ್ಟೆ. ದಿನಕ್ಕೆ 300 ಚೀಲ ಬರುತ್ತವೆ ಅಂದುಕೊಳ್ಳಿ. ಹಮಾಲರ ಗುಂಪು ಜೋರು ಮಾಡಿದರೆ 400 ಎತ್ತಬಲ್ಲದು. ಅಂಗಳದಲ್ಲಿ ಯಾವಾಗಲೂ ಸ್ವಲ್ಪ ಚೀಲ ಬಿದ್ದಿರುತ್ತವೆ, ಆದರೆ ದಾರಿ ತೆರೆದಿರುತ್ತದೆ. ಈಗ ಗುಂಪಿನಲ್ಲಿ ಕೆಲವರು ಬರಲಿಲ್ಲ. ನಾನು ಮಾತು ಮುಗಿಸುವ ಮೊದಲೇ ಭಾವ ಅಂದ: "ಅಂಗಳ ತುಂಬತೈತಿ ನೋಡು. ಒಂದ್ ದಿನಕ್ಕ ಗೊತ್ತಾಗಂಗಿಲ್ಲ. ವಾರಕ್ಕ ದಾರಿ ಬಂದ್."

ಸರಿಯಾಗಿ ಅದೇ. ಇದಕ್ಕೊಂದು ಸಮೀಕರಣ ಇದೆ. 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮಿಖಾಯಲಿಸ್ ಮತ್ತು ಮಾಡ್ ಮೆಂಟನ್ ಸಕ್ಕರೆ ಒಡೆಯುವ ಒಂದು ಕಿಣ್ವದ ಮೇಲೆ ಕೆಲಸ ಮಾಡಿ ಪ್ರಕಟಿಸಿದ್ದು. ಅದೇ ಸಮೀಕರಣ ಅಕ್ಕನ ಯಕೃತ್ತಿಗೂ ಹೊಂದುತ್ತದೆ. ಸರಳ ಸಂಖ್ಯೆ ಹಾಕಿ ನೋಡೋಣ. ಕಿಣ್ವಗಳ ಪೂರ್ತಿ ಸಾಮರ್ಥ್ಯ ದಿನಕ್ಕೆ 400 ಮಿ.ಗ್ರಾಂ, ಅರ್ಧ ವೇಗಕ್ಕೆ ಬೇಕಾದ ಮಟ್ಟ ಲೀಟರಿಗೆ 4 ಮಿ.ಗ್ರಾಂ, ನುಂಗುವುದು ದಿನಕ್ಕೆ 300. ಆಗ ರಕ್ತದ ಮಟ್ಟ 12ಕ್ಕೆ ನಿಲ್ಲುತ್ತದೆ. ಸಾಮರ್ಥ್ಯ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿ 360 ಆದರೆ ಮಟ್ಟ 20. ಇನ್ನಷ್ಟು ಇಳಿದು 340 ಆದರೆ 30. 320 ಆದರೆ 60. ಸಾಮರ್ಥ್ಯ 300ಕ್ಕಿಂತ ಕೆಳಗೆ ಹೋದರೆ ಮಟ್ಟ ಎಲ್ಲಿಯೂ ನಿಲ್ಲುವುದಿಲ್ಲ, ದಿನದಿನಕ್ಕೆ ಏರುತ್ತಲೇ ಇರುತ್ತದೆ. ಕಿಣ್ವಕ್ಕೆ ಬಿದ್ದ ಪೆಟ್ಟು ಚಿಕ್ಕದು, ರಕ್ತದಲ್ಲಿ ಕಾಣುವ ಪರಿಣಾಮ ಐದು ಪಟ್ಟು. ಇಷ್ಟು ಕಡಿದಾದ ಲೆಕ್ಕ ಇರುವ ಗುಳಿಗೆ ಎಷ್ಟೋ ಮನೆಗಳಲ್ಲಿದೆ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಅಡ್ಡಿ ಮಾಡಿದ್ದು ಐಸೋನಿಯಾಜಿಡ್. ಅದು 2ಸಿ19ನ್ನು ಚೆನ್ನಾಗಿಯೇ ತಡೆಯುತ್ತದೆ. 2ಸಿ9 ತುಂಬಿಹೋದಾಗ 2ಸಿ19ರ ಸಹಾಯವೇ ಮುಖ್ಯ. ಆ ಹೊತ್ತಿಗೆ ಅದೇ ಕೈಕೊಟ್ಟರೆ ಅಂಗಳ ತುಂಬದೆ ಏನಾಗುತ್ತದೆ?

ಇನ್ನೂ ಒಂದು ಮಾತಿದೆ. ಈ ಎರಡು ಗುಳಿಗೆ ತಗೊಂಡವರೆಲ್ಲ ಅಕ್ಕನ ಹಾಗೆ ಓಲಾಡುವುದಿಲ್ಲ. ಐಸೋನಿಯಾಜಿಡ್ ಅನ್ನೇ ಕೆಲವರ ದೇಹ ಬೇಗ ಹೊರಹಾಕುತ್ತದೆ, ಕೆಲವರದು ನಿಧಾನ. ಅದನ್ನು ನಿರ್ಧರಿಸುವುದು ಎನ್‌ಎಟಿ2 ಅನ್ನುವ ಇನ್ನೊಂದು ಕಿಣ್ವ. 1960ರಲ್ಲಿ ಪ್ರೈಸ್ ಇವಾನ್ಸ್ ಮತ್ತು ಸಂಗಡಿಗರು ಕುಟುಂಬಗಳನ್ನೇ ಕೂರಿಸಿ ಈ ಔಷಧ ಕೊಟ್ಟು, ಆರು ಗಂಟೆ ಬಿಟ್ಟು ರಕ್ತ ನೋಡಿದರು. ಜನ ಎರಡು ಗುಂಪಾಗಿ ಒಡೆದು ನಿಂತರು. ಇದು ತಂದೆ ತಾಯಿಯಿಂದ ಬರುವ ಗುಣ ಅಂತ ಸಾಬೀತಾಯಿತು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿಧಾನದ ಗುಂಪಿನವರು. ನಾವು ವಿದ್ಯಾರ್ಥಿಗಳಾಗಿದ್ದಾಗ ಕಾಫಿ ಕುಡಿದು, ಮೂತ್ರದಲ್ಲಿ ಕೆಫೀನಿನ ತುಣುಕುಗಳನ್ನು ಅಳೆದು, ಯಾರು ಯಾವ ಗುಂಪು ಅಂತ ನೋಡಿಕೊಂಡಿದ್ದೆವು. ನಾನು ನಿಧಾನದವನು. ಅಕ್ಕನೂ ಅದೇ ಗುಂಪು ಅಂತ ಈಗ ನಂಬಿದ್ದೇನೆ. ಅವಳ ಕಣ್ಣು ಕುಣಿದದ್ದೇ ನನಗೆ ಸಾಕ್ಷಿ. 1966ರಲ್ಲಿ ಹೆನ್ ಕುಟ್ ಮತ್ತು ಸಂಗಡಿಗರು ಟಿಬಿ ಔಷಧಗಳಿಂದ ಫೆನಿಟಾಯಿನ್ ಕರಗುವುದು ತಗ್ಗುತ್ತದೆ ಅಂತ ತೋರಿಸಿದರು. ವಿಷದ ಲಕ್ಷಣ ಕಂಡವರು ನಿಧಾನದ ಗುಂಪಿನವರು ಅನ್ನುವುದೂ ಮುಂದೆ ತಿಳಿಯಿತು.

ಇಸವಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂಥರಾ ಆಗುತ್ತದೆ. ಫೆನಿಟಾಯಿನ್ ತಯಾರಾದದ್ದು 1908ರಲ್ಲಿ. ಐಸೋನಿಯಾಜಿಡ್ 1912ರಲ್ಲಿ. ಸಮೀಕರಣ 1913ರಲ್ಲಿ. ಐದು ವರ್ಷದ ಒಳಗೆ ಮೂರೂ ಇದ್ದವು. ಫೆನಿಟಾಯಿನ್ ಫಿಟ್ಸ್ ತಡೆಯುತ್ತದೆ ಅಂತ ಗೊತ್ತಾಗಲು 1938 ಬರಬೇಕಾಯಿತು. ಐಸೋನಿಯಾಜಿಡ್ ಟಿಬಿಯನ್ನು ಕೊಲ್ಲುತ್ತದೆ ಅಂತ ಲೋಕಕ್ಕೆ ತಿಳಿದದ್ದು 1952ರಲ್ಲಿ. ಮೂರೂ ಒಂದೇ ದೇಹದಲ್ಲಿ ಕೂಡಿದಾಗ ಏನಾಗುತ್ತದೆ ಅನ್ನುವುದು ಅರವತ್ತರ ದಶಕದಲ್ಲಿ. ಬ್ಯಾಡಗಿಯ ಕಟ್ಟೆಗೆ ಅದು ಇನ್ನೂ ಬಂದು ಮುಟ್ಟಿರಲಿಲ್ಲ.

ಮಾಡಿದ್ದೇನು

ಡಾಕ್ಟರು ಸೋಮವಾರ ರಾತ್ರಿಯಿಂದ ಫೆನಿಟಾಯಿನ್ ನಿಲ್ಲಿಸಿದರು. ಐಸೋನಿಯಾಜಿಡ್ ಕೂಡ ಐದು ದಿನ ನಿಲ್ಲಿಸಿದರು. ಇದನ್ನು ಮನೆಯಲ್ಲಿ ಯಾರೂ ಮಾಡಬಾರದು. ಫಿಟ್ಸ್ ಗುಳಿಗೆ ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಕಣ್ಣಿಟ್ಟು ನೋಡುತ್ತ, ರಕ್ತ ಅಳೆಯುತ್ತ ಮಾಡಿದರು. ಬುಧವಾರ 22. ಗುರುವಾರ ಕಣ್ಣು ಸ್ವಲ್ಪ ನಿಂತಿತು. "ತಮ್ಮಾ, ಈಗ ನೀ ಒಬ್ಬನ ಕಾಣ್ತೀಯಪಾ" ಅಂದಳು. ಏಪ್ರಿಲ್ 2, ಯುಗಾದಿಯ ದಿನ ಮನೆಗೆ ಕಳಿಸಿದರು. ಹೊರಡುವ ಮೊದಲು ಫೆನಿಟಾಯಿನ್ 200 ಮಿ.ಗ್ರಾಂಗೆ ಶುರುವಾಗಿತ್ತು, ಐಸೋನಿಯಾಜಿಡ್ ಮತ್ತೆ ಶುರುವಾಗಿತ್ತು.

ಇಲ್ಲಿ ಡಾಕ್ಟರಿಗೂ ನನಗೂ ಒಂದು ಚರ್ಚೆ ಆಯಿತು. ಫೆನಿಟಾಯಿನ್ ಬಿಡಿಸಿ ಲೆವೆಟಿರಾಸಿಟಮ್ ಅನ್ನುವ ಇನ್ನೊಂದು ಫಿಟ್ಸ್ ಗುಳಿಗೆ ಕೊಡಬಹುದಲ್ವಾ ಅಂದೆ. ಅದು ಬಹುಪಾಲು ಮೂತ್ರಪಿಂಡದ ಮೂಲಕವೇ ಹೋಗುತ್ತದೆ, ಈ ಕಿಣ್ವಗಳ ಗೊಡವೆ ಇಲ್ಲ. ಡಾಕ್ಟರು ಅಕ್ಕನ ಕಡೆ ತಿರುಗಿ ಕೇಳಿದರು. "ಇಷ್ಟ್ ವರ್ಷ ನನ್ನ ಕಾದದ್ದು ಇದ ಗುಳಿಗಿರಿ" ಅಂದಳು. ವರ್ಷಗಟ್ಟಲೆ ಫಿಟ್ಸ್ ತಡೆದ ಔಷಧವನ್ನು ಸುಮ್ನೆ ಬದಲಿಸುವುದು ಬೇಡ ಅಂತ ಅವರ ಅಭಿಪ್ರಾಯ. ಅಕ್ಕನ ವಿಷಯದಲ್ಲಿ ಅವರು ಸರಿ. ಆದರೆ ರಕ್ತ ಪರೀಕ್ಷೆಗೆ ಮತ್ತೆ ಮತ್ತೆ ಹುಬ್ಬಳ್ಳಿಗೆ ಬರಲು ಆಗದವರಿಗೆ ಬದಲಿಸುವುದೇ ಕ್ಷೇಮ ಅನ್ನುವ ನನ್ನ ಮಾತನ್ನು ನಾನು ಬಿಟ್ಟಿಲ್ಲ.

ಏಪ್ರಿಲ್ 20ರಂದು 14 ಬಂತು. ನಡಿಗೆ ನೆಟ್ಟಗಾಗಿತ್ತು. ನನಗೆ ನಿಜವಾದ ಚಿಂತೆ ಇದ್ದದ್ದು ಸೆಪ್ಟೆಂಬರಿನದು. ಅಡ್ಡಿ ಬಂದಾಗ ಎಲ್ಲರೂ ಎಚ್ಚರಾಗುತ್ತಾರೆ. ಅಡ್ಡಿ ಹೋದಾಗ ಯಾರಿಗೂ ನೆನಪಿರುವುದಿಲ್ಲ. ಐಸೋನಿಯಾಜಿಡ್ ನಿಂತ ಮೇಲೆ ಕಿಣ್ವಗಳು ಪೂರ್ತಿ ಶಕ್ತಿಗೆ ಮರಳುತ್ತವೆ. ಆಗ ಅದೇ 200 ಮಿ.ಗ್ರಾಂ ಸಾಲುವುದಿಲ್ಲ, ಮಟ್ಟ ಕುಸಿಯುತ್ತದೆ, ಫಿಟ್ಸ್ ಮರಳುತ್ತದೆ. ತೊಟ್ಟು ಬಿಡಿಸುವಾಗ ಬಂದರೆ ಒಂದು ಮಾತು, ಒಲೆಯ ಮುಂದೆ ಬಂದರೆ? ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 7ಕ್ಕೆ ಮಗನ ಕೈಯಿಂದ ಕೆಂಪು ಗುಂಡು ಹಾಕಿಸಿದೆ. ಗಣಪತಿ ಹಬ್ಬ ಮುಗಿದು ಒಂದು ವಾರ.

ಕೊನೆಯ ಐಸೋನಿಯಾಜಿಡ್ ನುಂಗಿದ್ದು ಆ ದಿನ. ಮುಂದಿನ ವಾರ ರಕ್ತ ನೋಡಿದರೆ 8. ಡಾಕ್ಟರು ಫೆನಿಟಾಯಿನ್ ಅನ್ನು 300ಕ್ಕೆ ಮರಳಿಸಿದರು. ಅಕ್ಟೋಬರಿನಲ್ಲಿ 11. ಈ ಏಳು ತಿಂಗಳಲ್ಲಿ ಒಂದು ಸಲವೂ ಫಿಟ್ಸ್ ಬರಲಿಲ್ಲ. ಭಾವನ ಚಿಕಿತ್ಸೆಯೂ ಮುಗಿದು ಕಫ ಸ್ವಚ್ಛವಾಗಿತ್ತು.

ನನ್ನ ಪಾಲಿನದು

1998ರಲ್ಲಿ ಟರ್ಫೆನಡಿನ್ ಅನ್ನುವ ಅಲರ್ಜಿ ಔಷಧವನ್ನು ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. ಬೇರೆ ಔಷಧ ಅದರ ಕಿಣ್ವವನ್ನು ತಡೆದಾಗ ಹೃದಯದ ಬಡಿತ ಕೆಡುತ್ತಿತ್ತು. ಅದಾದ ಮೇಲೆ ಹೊಸ ಔಷಧ ಯಾವ ಕಿಣ್ವಕ್ಕೆ ಅಡ್ಡಿ ಅಂತ ಮೊದಲೇ ಅಳೆಯುವುದಕ್ಕೆ ಬೆಲೆ ಬಂತು. ನನ್ನಂಥ ಎಷ್ಟೋ ಜನರಿಗೆ ಕೆಲಸ ಸಿಕ್ಕಿದ್ದು ಅದರಿಂದ. ನಾನು ಸಾವಿರಾರು ಸಂಖ್ಯೆ ಬರೆದಿದ್ದೇನೆ. 37 ಡಿಗ್ರಿಯ ನೀರಿನಲ್ಲಿ ಚಿಕ್ಕ ಚಿಕ್ಕ ಕೊಳವೆ ಇಟ್ಟು, ನಿಮಿಷ ಎಣಿಸಿ, ನಿಲ್ಲಿಸಿ, ಅಳೆದು ಬರೆದದ್ದು. ಒಂದು ಸಂಖ್ಯೆಯ ಹಿಂದೆಯೂ ಮನುಷ್ಯನ ಮುಖ ನೋಡಿರಲಿಲ್ಲ. ಫೋನಿನಲ್ಲಿ "ಓಲಾಡಾಕತ್ತಾಳ" ಅಂದಾಗ ನನಗೆ ತಕ್ಷಣ ಹೊಳೆಯಬೇಕಿತ್ತು. ಅಕ್ಕನ ಫಿಟ್ಸ್ ಗೊತ್ತು, ಭಾವನ ಟಿಬಿ ಗೊತ್ತು. ಎರಡನ್ನೂ ಕೂಡಿಸಲು ಸಂಚಿ ಬಿಚ್ಚುವ ತನಕ ಬೇಕಾಯಿತು. ಇದು ನನಗೆ ಬಹಳ ನೋವಿನ ಮಾತು.

ಮುಂದಿನ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿದ್ದೆ. ಎದುರು ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದಿತ್ತು. ಅದೇ ಹುಡುಗಿ ಪುಸ್ತಕ ಹಿಡಿದುಕೊಂಡು ಅವರ ಕಟ್ಟೆಯ ಮೇಲೆ ಕೂತು, ಅದೇ ಪ್ರಶ್ನೆ ಕೇಳಲು ಹೊರಟಿದ್ದಳು. ಅಕ್ಕ ಮೊರದಿಂದ ಮೆಣಸಿನಕಾಯಿ ಬದಿಗೆ ಸರಿಸಿ ಎದ್ದು ನಿಂತಳು.

"ಏ ತಂಗಿ, ಆ ಮಾತು ಕಟ್ಟಿ ಮ್ಯಾಲ ಕೇಳಬ್ಯಾಡ. ಆಕಿನ್ನ ಒಳಗ ಕರಕೊಂಡ ಹೋಗಿ ಕೇಳು."